ಸಿದ್ದಕ್ಕನ ಹೆಬ್ಬೆಟ್ಟು

ಸಿದ್ದಕ್ಕ ಎರಡನೆಯ ಹಸುವಿಗೆ ಸಾಲ ಕೇಳಲು ಬಂದಿದ್ದಳು. ಶೆಟ್ಟಿಕೆರೆಯ ಮಹಿಳಾ ಸಂಘದ ಸಭೆ. ಫೈನಾನ್ಸ್ ಕಂಪನಿಯ ರವಿಕಿರಣ್ ಮೊಬೈಲ್ ನೋಡಿ ತಲೆಯಾಡಿಸಿದ.

"ಹೋದ ವರ್ಷವೇ ಐವತ್ತು ಸಾವಿರ ತಗೊಂಡಿದೀರಲ್ಲಮ್ಮ. ಎರಡು ಕಂತು ಬಾಕಿ."

"ನಾನಾ? ನಾನ್ ತಗಂಡಿಲ್ಲ ಕಣಪ್ಪ."

"ಇಲ್ಲಿ ನಿಮ್ಮ ಹೆಬ್ಬೆಟ್ಟಿದೆ. ಕಟ್ಟದಿದ್ರೆ ಸಂಘದಿಂದ ಹೆಸರು ತೆಗೀತಾರೆ."

ಸಿದ್ದಕ್ಕ ಕುಸಿದು ಕುಳಿತಳು. ಸಂಘದ ಮುಖ್ಯಸ್ಥೆ ಮಂಜಮ್ಮ ಓಡಿಹೋಗಿ ನೀರು ತಂದು, ಲೋಟ ಹಿಡಿದೇ ಕುಡಿಸಿದಳು. ಮೊದಲ ಹಸುವಿನ ಸಾಲವನ್ನು ಹಾಲು ಮಾರಿ ತೀರಿಸಿದವಳು ಈ ಸಿದ್ದಕ್ಕ. ಇವಳಿಂದ ಮೋಸವೇ?

"ಗಂಡ ಕುಡಿಯೋಕೆ ತಗಂಡಿರ್ತಾನೆ ಬುಡು," ಎಂದು ಹಿಂದಿನಿಂದ ಯಾರೋ ಅಂದರು. ಬಾಗಿಲಲ್ಲಿದ್ದ ಅವಳ ಗಂಡ ಭೀಮರಾಜು ತಲೆ ತಗ್ಗಿಸಿದ.

ಸಭೆಯಲ್ಲಿದ್ದ ನಾನು ಅಂದು ಸಂಜೆಯೇ ಗೆಳತಿ ಗಿರಿಜಾಂಬಿಕಾಳನ್ನು ಸಂಘಕ್ಕೆ ಕರೆತಂದೆ. ಪೊಲೀಸ್ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತಳಾದವಳು. ಅವಳು ರವಿಕಿರಣ್ ತಂದ ಹೋದ ವರ್ಷದ ಸಾಲದ ಅರ್ಜಿಯನ್ನು ಕಣ್ಣಿಗೆ ಹತ್ತಿರ ಹಿಡಿದಳು.

"ರವಿಕಿರಣ್, ನೀವು ಕೆಲಸಕ್ಕೆ ಸೇರಿದ್ದು?"

"ಹೋದ ತಿಂಗಳು, ಮೇಡಂ."

"ಸರಿ. ಸಿದ್ದಕ್ಕ, ಈ ಶಾಯಿಗೆ ಹೆಬ್ಬೆಟ್ಟು ಒತ್ತಿ."

ಕಾಗದದ ಮೇಲೆ ಬರೀ ನೀಲಿ ಕಲೆ. ಒಂದು ಗೆರೆಯೂ ಇಲ್ಲ. ಭೀಮರಾಜು ಒತ್ತಿದ — ಅದೂ ಹಾಗೆಯೇ.

"ಇಪ್ಪತ್ತು ವರ್ಷ ಕರಟ ಬಿಡಿಸಿ ಕೊಬ್ಬರಿ ಉಜ್ಜಿದ ಬೆರಳುಗಳು," ಎಂದಳು ಗಿರಿಜಾಂಬಿಕಾ. "ಗೆರೆಗಳೆಲ್ಲ ಸವೆದುಹೋಗಿವೆ. ಅರ್ಜಿಯ ಮೇಲಿನ ಹೆಬ್ಬೆಟ್ಟಲ್ಲಿ ಗೆರೆ ಒಂದೊಂದೂ ಎಣಿಸಬಹುದು. ಈ ಸಂಘದಲ್ಲಿ ಕೊಬ್ಬರಿ ಮುಟ್ಟದೆ ಲೆಕ್ಕದ ಪುಸ್ತಕ ಮಾತ್ರ ಬರೆಯೋರು ಯಾರು? ಸಾಲದ ದುಡ್ಡು ಬಂದಾಗ ಹಂಚೋರು ಯಾರು?"

ಮಂಜಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಬೆಳಿಗ್ಗೆ ನೀರು ಕುಡಿಸಿದ ಕೈ.

"ಒಂದು ಪೈಸೆ ತಿಂದಿಲ್ಲ ಕಣ್ರೀ," ಎಂದಳು ಮಂಜಮ್ಮ. "ನಾಲ್ಕು ಜನ ಕಂತು ಕಟ್ಟಲಿಲ್ಲ. ತಿಂಗಳೊಳಗೆ ಒಬ್ಬರು ಕಟ್ಟದಿದ್ರೂ ಆಮೇಲೆ ಯಾರಿಗೂ ಹೊಸ ಸಾಲ ಕೊಡಲ್ಲ ಅಂದ್ರು. ಅವರದ್ದೆಲ್ಲ ಈ ಸಾಲದ ದುಡ್ಡಲ್ಲೇ ಕಟ್ಟಿದೆ. ನಮ್ಮ ಸಂಘ ಬಡತನ ಗೆದ್ದಿದೆ ಅಂತ ಕಂಪನಿಯವರು ಫಲಕ ಬೇರೆ ಕೊಟ್ರು."

ಸಿದ್ದಕ್ಕ ಅವಳನ್ನೇ ನೋಡುತ್ತಿದ್ದಳು.

"ನನ್ನ ಹೆಸರೇ ಯಾಕೆ ಮಂಜಕ್ಕ?"

ಮಂಜಮ್ಮ ಸೆರಗಿನಿಂದ ಕೈ ಹೊರತೆಗೆದಳು.

"ಯಾವತ್ತೂ ಕಂತು ತಪ್ಪಿಸದೋಳು ನೀನೊಬ್ಬಳೇ ಕಣೇ. ಬೇರೆ ಯಾರ ಹೆಸರಿಗೂ ಅವರು ಕೊಡ್ತಿರಲಿಲ್ಲ."