ಕಂಪ್ಯೂಟರಿಗೆ ಕೌದಿ

"ಮತ್ತ ನಿಂತಿತು!" ಕಪಿಲ ಕುರ್ಚಿಯಿಂದಲೇ ಕೂಗಿದ. "ಪೂನಂ, ನಿಮ್ಮ ಕಂಪ್ಯೂಟರಿಗೆ ದಮ್ ಹತ್ತ್ಯದ ನೋಡು!"

ಪರದೆಯ ಮೇಲಿನ ಕೆಂಪು ಕಾರು ತಿರುವಿನಲ್ಲಿ ಗಪ್ಪನೆ ನಿಂತುಬಿಟ್ಟಿತ್ತು. ಮೌಸ್ ಅಲ್ಲಾಡಿಸಿದರೂ ಇಲ್ಲ, ಕೀ ಕುಟ್ಟಿದರೂ ಇಲ್ಲ. ಇದು ಮೂರನೇ ಸಲ! ಪೂನಂಗೆ ಅಳುವೇ ಬಂತು.

ತಪ್ಪು ಅವಳದೇ ಬಿಡಿ. ಬಸವಕಲ್ಯಾಣದಲ್ಲಿ ಮದುವೆ ಪತ್ರಿಕೆ ಟೈಪ್ ಮಾಡಿಕೊಡುವ ಅಪ್ಪ, ಕಡಿಮೆ ಬೆಲೆಯ ಕಂಪ್ಯೂಟರೊಂದನ್ನು ಹುಮನಾಬಾದಿನಲ್ಲಿ ಜೋಡಿಸಿಕೊಂಡು ತಂದಿದ್ದರು. ಇವಳೋ ಐದನೇ ಕ್ಲಾಸಿನ ಎಲ್ಲರೆದುರು, "ಎಂಥಾ ಗೇಮ್ ಹಾಕಿದ್ರೂ ಓಡ್ತದ" ಎಂದು ಜಂಬ ಕೊಚ್ಚಿಕೊಂಡಿದ್ದಳು. ಕಪಿಲ ಬಿಡುತ್ತಾನೆಯೇ? ಕಾರ್ ರೇಸಿನ ಹೊಸ ಸಿಡಿ ಹಿಡಿದು ಭಾನುವಾರ ಬೆಳಿಗ್ಗೆಯೇ ಹಾಜರ್!

"ಸಸ್ತಾ ಮಾಲ್ ಅಂದ್ರ ಹಿಂಗ. ನಾಳಿ ಕ್ಲಾಸ್‌ನ್ಯಾಗ ಎಲ್ಲಾರ್ಗೂ ಹೇಳ್ತೀನಿ, ಪೂನಂದು ಡಬ್ಬಾ ಕಂಪ್ಯೂಟರ್ ಅಂತ."

"ತಡಿಯೋ, ಒಂದ್ ನಿಮಿಷ!"

ಬಾಗಿಲ ಬಳಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದ ಅಜ್ಜಿ ಭಾಗಮ್ಮ ತಲೆ ಎತ್ತಿದರು. ಕಂಪ್ಯೂಟರ್ ಬಂದ ದಿನ ಅದಕ್ಕೆ ವಿಭೂತಿ ಹಚ್ಚಿದವರು ಅವರೇ. ಹಳೆಯ ಸೀರೆಗಳ ತುಂಡು ಸೇರಿಸಿ, ಟೇಬಲ್ ಕೆಳಗಿನ ಸಿಪಿಯು ಡಬ್ಬಿಗೆಂದೇ ಪುಟ್ಟ ಕೌದಿ ಹೊಲಿದು, ಧೂಳು ಹೋಗದಂತೆ ಸುತ್ತಲೂ ಬಿಗಿಯಾಗಿ ಹೊದಿಸಿದವರೂ ಅವರೇ. ಅಪ್ಪ ಒಂದೆರಡು ಪತ್ರಿಕೆ ಟೈಪ್ ಮಾಡುವಷ್ಟು ಹೊತ್ತಿಗೆ ಏನೂ ತೊಂದರೆ ಆಗಿರಲಿಲ್ಲ.

"ಯಾಕ ಪೂನಂ, ಅದಕ್ಕ ಜಡ್ಡಾಗ್ಯದೇನು?"

"ನೀ ಸುಮ್ಮನ ಕೂಡು ಆಯಿ!" ಎಂದು ಸಿಡುಕಿದ ಪೂನಂ, ಕಂಪ್ಯೂಟರ್ ಜೋಡಿಸಿಕೊಟ್ಟ ಸೈಫುದ್ದೀನ್‌ಗೆ ಫೋನ್ ಹಚ್ಚಿದಳು. ಅವರ ದನಿ ಎಷ್ಟು ದೊಡ್ಡದೆಂದರೆ ಇಡೀ ಕೋಣೆಗೆ ಕೇಳುತ್ತಿತ್ತು.

"ಚಾಚಾ, ಗೇಮ್ ಹಾಕಿದ್ರ ನಿಂತ್ ಬಿಡಾಕತ್ತದ್ರಿ!"

"ಅರೆ ಬೇಟಾ, ದೊಡ್ಡ ಗೇಮ್ ಅಂದ್ರ ಅದಕ್ಕ ಭಾಳ ಕೆಲಸ. ಸೆಟ್ಟಿಂಗ್‌ನ್ಯಾಗ ಹೋಗಿ ಗಿಡ, ನೆರಳು, ಮಂದಿ ಎಲ್ಲಾ ತೆಗಿ. ರಸ್ತಾ, ಕಾರು ಎರಡ ಸಾಕು. ಡಬ್ಬಿ ಮುಟ್ಟಿ ನೋಡು, ಬಿಸಿ ಅದೇನು?"

ಕೌದಿಯೊಳಗೆ ಕೈ ಹಾಕಿದ ಪೂನಂ ಥಟ್ಟನೆ ತೆಗೆದಳು. "ರೊಟ್ಟಿ ಹಂಚಿನಂಗ ಆಗ್ಯದ್ರಿ!"

"ಮ್ಯಾಲ ಏನರ ಹೊಚ್ಚೀರೇನು? ಒಳಗ ಫ್ಯಾನ್ ಅದ, ಗಾಳಿ ಬೇಕು. ಯಾರು ಆ ಶಾಣ್ಯಾ, ಹೊಚ್ಚಿದಾಂವ?" ಸೈಫುದ್ದೀನ್ ನಗುತ್ತಲೇ ಫೋನ್ ಇಟ್ಟರು.

ಕಪಿಲ ಟೇಬಲ್ ಕೆಳಗೆ ಬಗ್ಗಿ ನೋಡಿದ. "ಕಂಪ್ಯೂಟರಿಗೆ ಕೌದಿ! ಯಪ್ಪಾ! ಯಾರ ಹೊಚ್ಚಿದ್ದು, ಹೇಳು!"

ಪೂನಂ ಬಾಗಿಲ ಕಡೆ ನೋಡಿದಳು. ಅಜ್ಜಿಯ ಕೈ ಮೊರದಲ್ಲೇ ನಿಂತಿತ್ತು. ಮುಖ ಸಣ್ಣದಾಗಿತ್ತು. ನಾಲ್ಕು ಮಧ್ಯಾಹ್ನ ಕುಳಿತು, ಕಾಣದ ಸೂಜಿಗೆ ಪೂನಂಳಿಂದಲೇ ದಾರ ಪೋಣಿಸಿಕೊಂಡು ಹೊಲಿದ ಕೌದಿ ಅದು. ಆಯಿ ಅಂತ ಒಂದು ಮಾತು ಅಂದರೆ ಸಾಕು, ನಾಳೆ ಕ್ಲಾಸಿನಲ್ಲಿ ಪೂನಂಳ ಮಾನ ಉಳಿಯುತ್ತದೆ. ಮಾತು ತುದಿನಾಲಿಗೆಗೇ ಬಂದಿತ್ತು.

"ನಾನ," ಎಂದಳು ಪೂನಂ. "ನಾನ ಹೊಚ್ಚೀನಿ. ನನಗ ಗೊತ್ತಿದ್ದಿಲ್ಲ."

ಕಪಿಲ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾಳಿ ಇದನ್ನೂ ಹೇಳ್ತೀನಿ!"

"ಹೇಳು ಹೋಗು."

ಕೌದಿ ತೆಗೆದು, ಡಬ್ಬಿ ಆರುವ ತನಕ ಕಾದರು. ಸೆಟ್ಟಿಂಗ್‌ನಲ್ಲಿ ಒಂದೊಂದೇ ತೆಗೆದುಹಾಕಿದರು. ಈಗ ಗಿಡವೂ ಇಲ್ಲ, ಮಂದಿಯೂ ಇಲ್ಲ, ಬರೀ ಬೋಳು ರಸ್ತೆ. ಕೆಂಪು ಕಾರು ಕುಂಟುತ್ತ ಕುಂಟುತ್ತಲೇ ತಿರುವು ದಾಟಿತು.

"ಹೋತು! ಹೋತು!" ಕಪಿಲ ಕುಣಿದ. "ಒಂದ್ ಗಿಡಾನೂ ಇಲ್ಲಲ್ಲ" ಎಂದು ಗೊಣಗಿದ ನಿಜ, ಆದರೆ ಕೀಬೋರ್ಡ್ ಮಾತ್ರ ಬಿಟ್ಟುಕೊಡಲಿಲ್ಲ.

ಪೂನಂ ಹೋಗಿ ಅಜ್ಜಿಯ ಪಕ್ಕ ಕುಳಿತಳು.

"ಸುಳ್ಳ್ ಯಾಕ ಹೇಳ್ದಿ?" ಅಜ್ಜಿ ಪಿಸುಗುಟ್ಟಿದರು.

ಪೂನಂ ಮೊರ ತನ್ನ ಕಡೆ ಎಳೆದುಕೊಂಡು ಬೇಳೆಯಲ್ಲಿ ಹರಳು ಹುಡುಕತೊಡಗಿದಳು. ನಾಳೆ ಕ್ಲಾಸೆಲ್ಲ ನಗುತ್ತದೆ. ಬೆಳಿಗ್ಗೆಯಿಂದ ತಾನು ಹೆದರಿದ್ದು ಇಷ್ಟಕ್ಕೇನಾ ಎಂದು ಅವಳಿಗೇ ಸೋಜಿಗವಾಯಿತು. ಅಜ್ಜಿ ಇನ್ನಷ್ಟು ಹತ್ತಿರ ಸರಿದು ಕುಳಿತರು.