ಮೂರನೇ ಬ್ಯಾಟರಿ

ಅಂದು ನನ್ನ ವಾರದ ರಜೆ. ಊಟ ಮುಗಿಸಿ ಬಂದು ಬೈಕಿನ ಬಟನ್ ಒತ್ತಿದೆ. ಟಕ್ ಎಂದಿತು, ಅಷ್ಟೇ. ಎರಡು ತಿಂಗಳಲ್ಲಿ ಮೂರನೇ ಬ್ಯಾಟರಿ ಪ್ರಾಣ ಬಿಟ್ಟಿತ್ತು. ಸಿಟ್ಟು ಮಾಡಿಕೊಳ್ಳುವ ಶಕ್ತಿಯೂ ಉಳಿದಿರಲಿಲ್ಲ. ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ಆರೋಪಿ ಯಾರೆಂದು ನಾನು ಆಗಲೇ ತೀರ್ಮಾನಿಸಿದ್ದೆ — ಅಣ್ಣ. ಬೈಕು ಇಬ್ಬರದೂ. ಬೆಳಗಿನ ಪಾಳಿಗೆ ಅವನು, ಸಂಜೆಯ ಪಾಳಿಗೆ ನಾನು. ಎರಡನೇ ಬ್ಯಾಟರಿ ಹೋದ ದಿನ, ಕೀ ಆನ್ ಮಾಡಿಟ್ಟು ಮರೆತವನು ಅವನೇ ಎಂದು ಬಾಯಿಗೆ ಬಂದಂತೆ ಬೈದು ಕೀ ಕಿತ್ತುಕೊಂಡಿದ್ದೆ.  ಅಂದಿನಿಂದ ಅವನು ನೋಯುವ ಮಂಡಿ ಎಳೆದುಕೊಂಡು ಗಿರಣಿಗೆ ನಡೆದೇ ಹೋಗುತ್ತಿದ್ದ. ಒಂದೇ ಮನೆಯಲ್ಲಿ ಹನ್ನೆರಡು ದಿನ ನಮಗೆ ಮಾತಿರಲಿಲ್ಲ.

ಅಷ್ಟರಲ್ಲಿ ಸೋದರತ್ತೆ ಬಂದರು. ಮೂವತ್ತು ವರ್ಷ ಮೋಟಾರ್ ಕಾಯಿಲ್ ಸುತ್ತಿದ ಕೈ. ಚೀಲದಲ್ಲಿ ವೋಲ್ಟ್ ಅಳೆಯುವ ಮೀಟರ್ ಇದ್ದೇ ಇರುತ್ತದೆ. ನಮ್ಮ ಜಗಳವೂ ಅವರಿಗೆ ಗೊತ್ತಿತ್ತು.

“ಏನೋ, ಹೆಣ ಕಾಯ್ತಾ ಕೂತಂಗಿದೀಯ?”

“ಬ್ಯಾಟರಿ ಸತ್ತಿದೆ ಅತ್ತೆ. ಅಣ್ಣಂದೇ ಕೆಲಸ.”

“ಕಣ್ಣಾರೆ ಕಂಡ್ಯಾ?”

“ಇಲ್ಲ. ಇನ್ಯಾರು ಮಾಡ್ತಾರೆ?”

“ಹನ್ನೆರಡು ದಿನದಿಂದ ಕೀ ಯಾರ ಹತ್ರ ಇತ್ತು?”

“ನನ್ನ ಜೇಬಲ್ಲಿ.”

“ಇನ್ನೊಂದು?”

“ಅದು ಯಾವಾಗ್ಲೋ ಕಳೆದೋಯ್ತು.”

“ಮತ್ತೆ ಇದನ್ನ ಅವನು ಹೇಗೆ ಕೊಂದ?”

ನಾನು ಬೈಕಿನಲ್ಲಿದ್ದ ಕೀಯತ್ತ ನೋಡಿದೆ.

“ಕಿಕ್ ಹೊಡಿ,” ಎಂದರು ಅತ್ತೆ, ಸೊಂಟ ಹಿಡಿದು ಕೂರುತ್ತಾ. ಎಂಜಿನ್ ಹತ್ತಿತು. ಬ್ಯಾಟರಿಗೆ ಮೀಟರ್ ಹಿಡಿದರು. ಹನ್ನೊಂದೂವರೆ ವೋಲ್ಟ್. ಆಕ್ಸಿಲರೇಟರ್ ತಿರುಗಿಸಿದರೂ ಅಷ್ಟೇ.

“ಹದಿನಾಲ್ಕರ ಹತ್ರ ಬರ್ಬೇಕಿತ್ತು. ಯಾರೂ ಖಾಲಿ ಮಾಡ್ತಿಲ್ಲ ಕಣೋ. ಇದು ತುಂಬ್ತಾನೇ ಇಲ್ಲ.”

“ಕಾಯಿಲ್ ಸುಟ್ಟಿದ್ಯಾ?”

ಎಂಜಿನ್ ಆರಿಸಿ, ಕರೆಂಟ್ ಹುಟ್ಟಿಸುವ ಕಾಯಿಲಿನ ವೈರುಗಳನ್ನು ಬಿಚ್ಚಿ ಪರೀಕ್ಷಿಸಿದರು. ಕಾಯಿಲ್ ಗಟ್ಟಿಮುಟ್ಟಾಗಿತ್ತು. ಉಳಿದದ್ದು ರೆಗ್ಯುಲೇಟರ್ — ಕಾಯಿಲಿನ ಕರೆಂಟನ್ನು ಹದ ಮಾಡಿ ಬ್ಯಾಟರಿಗೆ ಕೊಡುವ ಅಂಗೈಯಗಲದ ಡಬ್ಬಿ.

“ಮೆಕ್ಯಾನಿಕ್ ಹೇಳಿದ ಅಂತ ಅದು ಹೋದ ವಾರವಷ್ಟೇ ಹಾಕಿದ್ದು, ಹೊಸದು,” ಎಂದೆ.

ಅತ್ತೆ ಡಬ್ಬಿಯನ್ನು ನೋಡಲಿಲ್ಲ. ಅದು ಕೂತ ಜಾಗವನ್ನು ನೋಡುತ್ತಿದ್ದರು.

“ಚಾಸಿಸ್ ಭಾರಿ ಮಿಂಚ್ತಿದೆ. ಬಣ್ಣ ಯಾರು ಹೊಡೆದಿದ್ದು?”

“ನಾನೇ. ಎಲ್ಲ ಬಿಚ್ಚಿ, ಒಂದು ಮೂಲೆನೂ ಬಿಡದೆ ಮೂರು ಕೋಟು.” ಆ ಸುಸ್ತಿನಲ್ಲೂ ಹೆಮ್ಮೆ ಬಂತು.

“ಯಾವಾಗ?”

“ಎರಡು… ಎರಡು ತಿಂಗಳಾಯ್ತು.”

ಅತ್ತೆ ವೈರುಗಳನ್ನು ಮೊದಲಿನಂತೆ ಸೇರಿಸಿ ಮತ್ತೆ ಎಂಜಿನ್ ಹತ್ತಿಸಲು ಹೇಳಿದರು. ಒಂದು ತುಂಡು ವೈರಿನ ಒಂದು ತುದಿಯನ್ನು ಡಬ್ಬಿಯ ಮೈಗೆ, ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೆ ಒತ್ತಿದರು. ಮೀಟರ್ ಏರತೊಡಗಿತು. ಹದಿಮೂರು ದಾಟಿತು.

“ಈ ಡಬ್ಬಿಗೆ ಬೇರೆ ಅರ್ತ್ ವೈರ್ ಇಲ್ಲ. ಇದರ ಮೈ ಬರಿ ಕಬ್ಬಿಣಕ್ಕೆ ತಾಗಿದ್ರೇನೇ ಕರೆಂಟ್ ಸುತ್ತು ಮುಗಿಸೋದು. ನೀನು ಇದು ಕೂರೋ ಜಾಗಕ್ಕೂ, ಬೋಲ್ಟಿನ ತೂತಿಗೂ ಬಣ್ಣ ಬಳಿದಿದೀಯ. ಸೋಮಾರಿ ಆಗಿದ್ರೆ ಬ್ಯಾಟರಿ ಬದುಕಿರೋದು. ಮೂರನ್ನೂ ಕೊಂದಿದ್ದು ನೀನೇ.”

ಉಪ್ಪುಕಾಗದ ಕೈಗಿಟ್ಟರು. ಬಣ್ಣ ಕೆರೆಯತೊಡಗಿದೆ. 

ಗೇಟು ಸದ್ದಾಯಿತು. ಅಣ್ಣ ಕುಂಟುತ್ತಾ ಬಂದ.

“ಅಣ್ಣಾ, ತಪ್ಪು ನಂದು. ನನ್ನ ಬಣ್ಣದಿಂದಲೇ ಆಗಿದ್ದು. ಸುಮ್ನೆ ನಿನ್ನ ಮೇಲೆ ಗೂಬೆ ಕೂರಿಸಿದೆ.” ಕೀ ಚಾಚಿದೆ.

ಅವನು ತೆಗೆದುಕೊಳ್ಳಲಿಲ್ಲ. ಮೆಟ್ಟಿಲ ಮೇಲೆ ಕೂತು ಪ್ಯಾಂಟ್ ಮೇಲೆತ್ತಿದ. ಮಂಡಿ ಊದಿಕೊಂಡಿತ್ತು.

“ನೀನು ಮಾಡಿದ್ಯಾ ಅಂತ ಒಂದ್ಸಲ ಕೇಳ್ಬಹುದಿತ್ತಲ್ಲೋ,” ಎಂದ.

 ಕಣ್ಣು ತುಂಬಿ ಬಂತು.

“ನಾಳೆ ನಾನೇ ಬಿಟ್ಟು ಬರ್ತೀನಿ ಅಣ್ಣ. ಐದೂವರೆಗೆ.”

ಅವನು ಮಂಡಿ ಒತ್ತಿಕೊಂಡು ಪ್ಯಾಂಟ್ ಕೆಳಗಿಳಿಸಿದ.

“ಐದೂಕಾಲಿಗೆ,” ಎಂದ. “ನನ್ನ ಹೆಲ್ಮೆಟ್ ಒರೆಸಿಡು. ಧೂಳು ಹಿಡಿದಿರುತ್ತೆ.”