ಲೆನ್ಸ್ ತಿರುಗಿಸಿದ್ದು ಯಾರು?

"ರೀ... ಲೆನ್ಸ್ ಮುಟ್ಟಬ್ಯಾಡ್ರಿ!"

ಶಿವಗಂಗಾ ಬೆಚ್ಚಿಬಿದ್ದಳು. ಪೀಣ್ಯದ ಈ ಕಾರ್ಖಾನೆಯಲ್ಲಿ ಆರು ವರ್ಷಗಳಿಂದ ಬಿಡಿಭಾಗಗಳ ಅಳತೆ ನೋಡುವವಳು ಅವಳು. ಅವಳ ಮೇಜಿನ ಮೇಲೇ ಕ್ಯಾಮೆರಾ ಕೂರಿಸಿ, ಅವಳನ್ನೇ ಗದರುವುದೇ!

"ಫೋಟೋದಾಗ ಅಳತಿ ಸರಿ ಬರಬೇಕಂದ್ರ ಫೋಕಸ್ ಅಲ್ಲಾಡಬಾರದು, ಮೇಡಂ," ಎಂದ ಎಂಜಿನಿಯರ್ ಕೊಟ್ರೇಶ್, ಈಗ ಮೆತ್ತಗೆ.

ವಾರವಿಡೀ ಅವಳು ಕಪ್ಪು-ಬಿಳಿ ಚೌಕಗಳ ಹಲಗೆಯನ್ನು ಓರೆಯಾಗಿ, ನೇರವಾಗಿ ಹಿಡಿದು ನಿಂತಳು. ಅವನು ಫೋಟೋ ತೆಗೆದ. ಗೊತ್ತಿರುವ ಅಳತೆಯ ಚೌಕ ನೋಡಿ ನೋಡಿ ಕ್ಯಾಮೆರಾ ತನ್ನ ತಪ್ಪು ತಿದ್ದಿಕೊಳ್ಳುತ್ತದಂತೆ. ಮಧ್ಯಾಹ್ನ ಅವಳ ಡಬ್ಬಿಯ ರೊಟ್ಟಿಯಲ್ಲಿ ಅವನಿಗೂ ಪಾಲು ಸಿಕ್ಕಿತು. ಮನಸ್ಸಿನಲ್ಲೂ ಸಿಕ್ಕಿತೆನ್ನಿ!

ಶನಿವಾರ ಪಕ್ಕದ ಮೇಜಿನ ಕಮಲಮ್ಮ ಪಿಸುಗುಟ್ಟಿದಳು. "ಕ್ಯಾಮೆರಾ ಶುರುವಾದ್ರೆ ನಿನ್ನ ಕೆಲ್ಸ ಹೋಗುತ್ತೆ ಕಣೇ. ಅವನಿಗೂ ಗೊತ್ತು!"

ಶಿವಗಂಗಾ ಕೈಯಲ್ಲಿದ್ದ ಹಲಗೆಯನ್ನು ಮೇಜಿನ ಮೇಲೆ ಕುಕ್ಕಿದಳು. ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡೆನೇ? ರೊಟ್ಟಿ ತಿಂದು ಮೋಸ ಮಾಡಿದನೇ? ಎಲ್ಲರೂ ಹೋದ ಮೇಲೆ, ಸಿಟ್ಟಿನಲ್ಲಿ ಲೆನ್ಸ್ ತಿರುಗಿಸಿಬಿಟ್ಟಳು.

ಸೋಮವಾರ ಮಾಲೀಕ ಪಂಚಾಕ್ಷರಿಯವರ ಎದುರಿಗೆ, ನಲವತ್ತು ಮಿಲಿಮೀಟರಿನ ತುಂಡನ್ನು ಕ್ಯಾಮೆರಾ ನಲವತ್ತೊಂದು ಎಂದಿತು!

"ಯಾರ್ರೀ ಇದನ್ನ ಮುಟ್ಟಿದ್ದು?"

ಕೊಠಡಿಯ ಕೀಲಿ ಇದ್ದದ್ದು ಶಿವಗಂಗಾಳ ಹತ್ತಿರ ಮಾತ್ರ. ಕೊಟ್ರೇಶ್ ಅವಳನ್ನೊಮ್ಮೆ ನೋಡಿದ.

"ನಾನೇ ಸಾರ್. ಶನಿವಾರ ಹೊರಡೋ ಮುಂದ ತಿರುಗಿಸಿದ್ದೆ."

ಅಯ್ಯೋ... ಗೊತ್ತಿದ್ದೂ ಹೀಗೆ ಹೇಳಿದನೇ!

"ಹಾಗಾದ್ರೆ ನಾಳೆಯಿಂದ ಬರ್ಬೇಡಿ. ಕ್ಯಾಮೆರಾ ನೋಡ್ಕೊಳ್ಳೋಕೆ ಶಿವಗಂಗಾನೇ ಬೇಕು, ಕೆಲಸದಿಂದ ತೆಗೀಬೇಡಿ ಅಂತ ಬರೆದುಕೊಟ್ರಲ್ಲ, ಆ ಕಾಗದಾನೂ ತಗೊಂಡ್ಹೋಗಿ!"

ಅವಳು ಒಂದು ಹೆಜ್ಜೆ ಮುಂದೆ ಬಂದಳು. ತನ್ನ ಕೆಲಸ ಉಳಿಸಲು ಹೊರಟವನಿಗೇ ತಾನು...

"ಸಾರ್! ತಿರುಗಿಸಿದ್ದು ನಾನು! ಅವ್ರದೇನೂ ತಪ್ಪಿಲ್ರಿ!"

ಪಂಚಾಕ್ಷರಿ ಇಬ್ಬರನ್ನೂ ದುರುಗುಟ್ಟಿ ನೋಡಿದರು. "ಸಂಜೆ ಒಳಗೆ ಸರಿಯಾಗದಿದ್ರೆ ಇಬ್ರೂ ಮನೆಗೆ!"

ಊಟ ಬಿಟ್ಟು ಇಬ್ಬರೂ ಎಲ್ಲವನ್ನೂ ಮೊದಲಿನಿಂದ ಮಾಡಿದರು. ಐದು ಗಂಟೆಗೆ ಕ್ಯಾಮೆರಾ ನಲವತ್ತು ಎಂದಿತು. ಪಂಚಾಕ್ಷರಿ ಕೊಟ್ರೇಶ್ ಬರೆದ ಆ ಕಾಗದಕ್ಕೆ ಸಹಿ ಹಾಕಿ ಹೊರಟುಹೋದರು.

"ನನ್ನ ಕೆಲಸ ಹೋಗಿದ್ರ ಏನ್ ಮಾಡ್ತಿದ್ರಿ?" ಅವಳ ಕಣ್ಣು ತುಂಬಿತ್ತು.

"ಕೊಟ್ಟೂರಿಗೆ ನಮ್ಮ ಮನಿಗೆ ಕರ್ಕೊಂಡು ಹೋಗ್ತಿದ್ದೆ."

"ಕೆಲಸ ಹೋಗಲಿಲ್ಲಲ್ಲ..."

"ಅದಕ್ಕ ಈಗ ಕೇಳಿ ಕರ್ಕೊಂಡು ಹೋಗಬೇಕು. ಬರ್ತೀರಾ?"

ಅವಳು ಕಣ್ಣೊರೆಸಿಕೊಂಡು ನಕ್ಕಳು. "ಬರ್ತೀನಿ... ಆದ್ರ ನನ್ನ ತಪ್ಪು ಇನ್ನೊಮ್ಮೆ ನಿಮ್ಮ ಮ್ಯಾಲೆ ಹಾಕ್ಕೋಬಾರದು."

"ಅದೊಂದು ಮಾತು ಮಾತ್ರ ಕೇಳಂಗಿಲ್ಲ," ಎಂದ ಕೊಟ್ರೇಶ್.